ಪುಸ್ತಕಗಳ ಮೂಲಕ ಮಕ್ಕಳಿಗೆ ಭೌತವಿಜ್ಞಾನ

ನಿರ್ಜೀವ ವಸ್ತು, ಶಕ್ತಿ, ಬೆಳಕು, ಶಾಖ, ಧ್ವನಿ, ವಿದ್ಯುತ್ತು, ಆಕಾಶಕಾಯಗಳು ಹಾಗೂ ಭೂಮಿಯ ರಚನೆಯನ್ನು ಅಭ್ಯಸಿಸುವ ಶಾಸ್ತ್ರಗಳನ್ನು ಒಟ್ಟಾಗಿ ಭೌತವಿಜ್ಞಾನಗಳು ಎನ್ನುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳವಿಜ್ಞಾನ ಮತ್ತು ಭೂವಿಜ್ಞಾನ ಇವುಗಳಲ್ಲಿ ಮುಖ್ಯವಾದವು. ಪಠ್ಯಕ್ರಮದ ಹೊರಗೆ, ಪರೀಕ್ಷೆಯ ಹಂಗಿಲ್ಲದೆ, ಮಕ್ಕಳು ತಾವೇ ಓದಿಕೊಳ್ಳಲೆಂದು ಈ ವಿಷಯಗಳ ಮೇಲೆ ಬರೆದ ಪುಸ್ತಕಗಳು ಕನ್ನಡದಲ್ಲಿ 20ನೆಯ ಶತಮಾನದ ಪೂರ್ವಾರ್ಧದಿಂದ ಬರುತ್ತಿವೆ. ಶಿವರಾಮ ಕಾರಂತ, ಜೆ. ಆರ್. ಲಕ್ಷ್ಮಣರಾವ್, ಜಿ. ಟಿ. ನಾರಾಯಣರಾವ್ ಮೊದಲಾದವರು ಈ ಸಾಹಿತ್ಯವನ್ನು ಕಟ್ಟಿದ ಪ್ರಮುಖರು.

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಇಂಥ ಪುಸ್ತಕದಿಂದ ಆಗುವ ಉಪಯೋಗ ಸಾಮಾನ್ಯಜ್ಞಾನಕ್ಕೆ ಸೀಮಿತವಾದದ್ದಲ್ಲ. ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಪದವಿಪೂರ್ವ ಶಿಕ್ಷಣದಲ್ಲಿ ವಿಜ್ಞಾನವನ್ನು ಆರಿಸಿಕೊಂಡ ಕೂಡಲೇ ಬೋಧನೆಯ ಭಾಷೆ ಇಂಗ್ಲಿಷಿಗೆ ತಿರುಗುತ್ತದೆ. ಹತ್ತು ವರ್ಷ ಕಲಿತ ಪದಗಳೆಲ್ಲ ಒಂದೇ ಬೇಸಿಗೆ ರಜೆಯಲ್ಲಿ ಬದಲಾಗುತ್ತವೆ. ವಿಷಯವನ್ನು ಅರಿತಿದ್ದ ವಿದ್ಯಾರ್ಥಿಗೆ ಇದು ಹೆಸರುಗಳ ಬದಲಾವಣೆಯಷ್ಟೆ. ಪದಗಳನ್ನು ಮಾತ್ರ ಬಾಯಿಪಾಠ ಮಾಡಿದ್ದವನಿಗೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿಭಾಗದಲ್ಲಿ ಮನೆಮಾತು ತೆಲುಗೂ ಆಗಿರುವುದರಿಂದ ಈ ತೊಡಕಿಗೆ ಇನ್ನೊಂದು ಪದರ ಸೇರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಉದಾಹರಣೆಗಳನ್ನು ಆ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾದಲಿ ಮತ್ತು ಅದರ ನೆರೆಯ ಊರುಗಳಿಂದ ತೆಗೆದುಕೊಳ್ಳಲಾಗಿದೆ.

ವಿಷಯದ ಸ್ವರೂಪ

ಪ್ರಾಣಿ, ಪಕ್ಷಿ, ಗಿಡಮರಗಳ ಮೇಲಿನ ಪುಸ್ತಕವನ್ನು ಮಗುವಿನ ಕೈಗೆ ಕೊಡುವುದು ಸುಲಭ. ಒಳ್ಳೆಯ ಚಿತ್ರವೊಂದಿದ್ದರೆ ಅರ್ಧ ವಿಷಯ ತಿಳಿದಂತೆ. ಬಲ, ಒತ್ತಡ, ಶಾಖ, ವಿದ್ಯುತ್ ಪ್ರವಾಹ ಇವುಗಳಿಗೆ ಆ ಅನುಕೂಲವಿಲ್ಲ. ಇವು ಕಣ್ಣಿಗೆ ಕಾಣುವುದಿಲ್ಲ. ಇವುಗಳ ಪರಿಣಾಮ ಮಾತ್ರ ಕಾಣುತ್ತದೆ. ಆದ್ದರಿಂದ ಭೌತವಿಜ್ಞಾನದ ಮಕ್ಕಳ ಪುಸ್ತಕ ಮಗುವಿಗೆ ಮೊದಲೇ ಪರಿಚಯವಿರುವ ಒಂದು ವಸ್ತುವಿನಿಂದ ಹೊರಟು, ಅದರ ಹಿಂದಿರುವ ಕಾಣದ ಕಾರಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕರೆದೊಯ್ಯಬೇಕಾಗುತ್ತದೆ. ನಡುವೆ ಒಂದು ಮೆಟ್ಟಿಲು ತಪ್ಪಿದರೂ ಮಗು ಪುಟ ಮಗುಚಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತದೆ.

ಈ ಕ್ರಮಕ್ಕೆ ಜಗತ್ತಿನಲ್ಲೇ ಪ್ರಸಿದ್ಧವಾದ ಮಾದರಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗೆಂದು ಮಾಡಿದ ಮೇಣದಬತ್ತಿಯ ಉಪನ್ಯಾಸಗಳು. 1860–61ರ ಚಳಿಗಾಲದಲ್ಲಿ ನಡೆದ ಈ ಮಾಲೆ 1861ರಲ್ಲಿ ಪುಸ್ತಕವಾಯಿತು. ಉರಿಯುವ ಒಂದು ಬತ್ತಿಯನ್ನು ಮುಂದಿಟ್ಟುಕೊಂಡು ಮೇಣ ಕರಗುವುದು, ಬತ್ತಿಯೊಳಗೆ ಮೇಲೇರುವುದು, ಆವಿಯಾಗಿ ಉರಿಯುವುದು, ಉರಿದ ಮೇಲೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುವುದು ಇವನ್ನೆಲ್ಲ ತೋರಿಸುತ್ತ ಫ್ಯಾರಡೆ ಕೊನೆಗೆ ಮನುಷ್ಯನ ಉಸಿರಾಟದವರೆಗೆ ಬಂದು ಮುಟ್ಟುತ್ತಾರೆ. ಮೇಣದಬತ್ತಿಯ ಬದಲು ಹಣತೆಯನ್ನೋ ಸೀಮೆಎಣ್ಣೆ ಬುಡ್ಡಿಯನ್ನೋ ಇಟ್ಟರೂ ವಾದ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ.

ಫ್ಯಾರಡೆಯವರೇ ಒಂದು ಪುಸ್ತಕದಿಂದ ರಸಾಯನಶಾಸ್ತ್ರಕ್ಕೆ ಬಂದವರೆಂಬುದು ಇಲ್ಲಿ ಗಮನಾರ್ಹ. ಪುಸ್ತಕಗಳಿಗೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಜೇನ್ ಮಾರ್ಸೆಟ್ ಎಂಬ ಲೇಖಕಿಯ ರಸಾಯನಶಾಸ್ತ್ರ ಸಂವಾದಗಳ ಪುಸ್ತಕ ಅವರ ಕೈಗೆ ಸಿಕ್ಕಿತು. ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿದ್ದ ಆ ಪುಸ್ತಕ ಮೊದಲು ಲೇಖಕಿಯ ಹೆಸರಿಲ್ಲದೆ ಪ್ರಕಟವಾಗಿತ್ತು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಹುಡುಗನಿಗೆ ಅದು ಸಾಕಾಯಿತು.

ಭಾರತದಲ್ಲಿ ಇದೇ ಜಾಡಿನಲ್ಲಿ ನೆನೆಯಬೇಕಾದದ್ದು, ಆಕಾಶ ಏಕೆ ನೀಲಿ ಎಂಬುದರ ಕುರಿತು ಸಿ. ವಿ. ರಾಮನ್ 1968ರ ಡಿಸೆಂಬರ್ 22ರಂದು ಅಹಮದಾಬಾದಿನಲ್ಲಿ ಮಾಡಿದ ಉಪನ್ಯಾಸ. ಅದೂ ಮುಂದೆ ಪುಸ್ತಿಕೆಯಾಗಿ ಹರಡಿತು.

ಕನ್ನಡದಲ್ಲಿ ಬೆಳವಣಿಗೆ

ಕನ್ನಡದಲ್ಲಿ ವಿಜ್ಞಾನವನ್ನು ಜನರಿಗೆ ಮುಟ್ಟಿಸುವ ಸಂಘಟಿತ ಪ್ರಯತ್ನ ಬೆಂಗಳೂರಿನಲ್ಲಿ ಆರಂಭವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಅದು ಮಕ್ಕಳಿಗಾಗಿ ಮೀಸಲಾದ ಪತ್ರಿಕೆಯೂ ಆಗಿರಲಿಲ್ಲ. ಆದರೂ ಕನ್ನಡ ಗದ್ಯದಲ್ಲಿ ಭೌತವಿಜ್ಞಾನವನ್ನು ಬರೆಯಬಹುದೆಂಬುದನ್ನು ಅದು ತೋರಿಸಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳು ಈ ಕೆಲಸವನ್ನು ಮುಂದುವರಿಸಿದವು. ಆರ್. ಎಲ್. ನರಸಿಂಹಯ್ಯನವರ ‘ನಕ್ಷತ್ರ ದರ್ಶನ’ ಮತ್ತು ‘ಜಗತ್ತುಗಳ ಹುಟ್ಟು ಸಾವು’ ಖಗೋಳವನ್ನು ಸಾಮಾನ್ಯ ಓದುಗರ ಹತ್ತಿರಕ್ಕೆ ತಂದ ಕೃತಿಗಳು. ಪ್ರೌಢಶಾಲೆಯ ಜಾಣ ಮಕ್ಕಳಿಗೂ ಅವು ನಿಲುಕುವಂಥವು.

ಮಕ್ಕಳನ್ನೇ ಮುಂದಿಟ್ಟುಕೊಂಡು ನಡೆದ ಮೊದಲ ದೊಡ್ಡ ಸಾಹಸ ಶಿವರಾಮ ಕಾರಂತರದು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ, ವಿಜ್ಞಾನದ ಯಾವ ಪದವಿಯೂ ಇಲ್ಲದ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದು ಪ್ರಕಟಿಸಿದರು. ಮುಂದೆ 1959–64ರ ಅವಧಿಯಲ್ಲಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂದಿತು. ವಿಶ್ವಕೋಶವೆಂಬುದು ಹತ್ತಾರು ತಜ್ಞರು ಕೂಡಿ ಮಾಡುವ ಕೆಲಸ. ಅದನ್ನು ಒಬ್ಬ ಕಾದಂಬರಿಕಾರ ತಲೆಯ ಮೇಲೆ ಹೊತ್ತುಕೊಂಡದ್ದು ಇಂದಿಗೂ ಬೆರಗಿನ ಸಂಗತಿ. ಒಬ್ಬರೇ ಬರೆದದ್ದರಿಂದ ಆದ ಲಾಭವೆಂದರೆ ಧ್ವನಿಯ ಏಕತೆ. ಪ್ರತಿ ಅಧ್ಯಾಯಕ್ಕೂ ಬೇರೆ ಬೇರೆ ಮೇಷ್ಟರು ಬಂದು ನಿಂತಂತೆ ಓದುಗನಿಗೆ ಅನಿಸುವುದಿಲ್ಲ. ನಷ್ಟವೂ ಇದೆ. ಭೌತವಿಜ್ಞಾನ ಬೇಗ ಹಳತಾಗುವ ವಿಷಯ. ‘ಬಾಲಪ್ರಪಂಚ’ ಬಂದ ಎರಡು ವರ್ಷಕ್ಕೆ ಯುರೇನಿಯಂ ಪರಮಾಣು ಬೀಜದ ವಿದಳನ ಪತ್ತೆಯಾಯಿತು. ಇಪ್ಪತ್ತೊಂದು ವರ್ಷಕ್ಕೆ ಮೊದಲ ಕೃತಕ ಉಪಗ್ರಹ ಹಾರಿತು. ಇಂಥ ಕೃತಿಯನ್ನು ಪರಿಷ್ಕರಿಸುತ್ತ ಹೋಗಲು ಲೇಖಕನ ಒಂದು ಆಯುಷ್ಯ ಸಾಲದು.

1970ರ ದಶಕದಲ್ಲಿ ನಿರಂಜನ ಅವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ‘ಜ್ಞಾನಗಂಗೋತ್ರಿ’ ಎಂಬ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ಆ ಕೆಲಸವನ್ನು ಅನೇಕ ತಜ್ಞರ ಕೈಗೆ ಹಂಚಿತು. ಅದರ ಒಂದು ಸಂಪುಟ ಭೌತ ಜಗತ್ತಿಗೆ ಮೀಸಲಾಗಿತ್ತು. ಕನ್ನಡನಾಡಿನ ಅನೇಕ ಪ್ರೌಢಶಾಲೆಗಳ ಬೀರುಗಳಲ್ಲಿ ಈ ದಪ್ಪ ಸಂಪುಟಗಳು ಇದ್ದವು. ಬೀರುವಿನ ಬೀಗದ ಕೈ ಯಾರ ಬಳಿ ಇರುತ್ತಿತ್ತು ಎಂಬುದರ ಮೇಲೆ ಅವುಗಳ ಉಪಯೋಗ ನಿಂತಿತ್ತೆಂದು ಆ ಕಾಲದ ವಿದ್ಯಾರ್ಥಿಗಳಲ್ಲಿ ಹಲವರು ಒಪ್ಪಿಯಾರು.

ಮೈಸೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ. ಆರ್. ಲಕ್ಷ್ಮಣರಾವ್ (1921–2017) ಮತ್ತು ಗಣಿತದ ಅಧ್ಯಾಪಕರಾಗಿದ್ದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದಲ್ಲಿ ವಿಜ್ಞಾನ ವಿಭಾಗದ ಸಂಪಾದಕರಾದ ಜಿ. ಟಿ. ನಾರಾಯಣರಾವ್ (1926–2008) ಈ ಕ್ಷೇತ್ರದ ಎರಡು ಭಿನ್ನ ಮಾರ್ಗಗಳನ್ನು ಪ್ರತಿನಿಧಿಸುತ್ತಾರೆ. ಲಕ್ಷ್ಮಣರಾಯರದು ಅಡ್ಡಮಾತಿಲ್ಲದ ತಿಳಿಗದ್ಯ. ‘ಆರ್ಕಿಮಿಡೀಸ್’, ‘ಪರಮಾಣು ಚರಿತ್ರೆ’ ಮೊದಲಾದ ಪುಸ್ತಕಗಳಲ್ಲಿ ಅವರು ಒಂದು ಕಲ್ಪನೆ ಹೇಗೆ ಹುಟ್ಟಿ ಬೆಳೆಯಿತೆಂಬುದನ್ನು ಹಿಡಿದು ಸಾಗುತ್ತಾರೆ. ನಾರಾಯಣರಾಯರದು ಸಂಸ್ಕೃತಭರಿತವೂ ಲವಲವಿಕೆಯದೂ ಆದ ಶೈಲಿ. ಹೊಸ ಪದ ಟಂಕಿಸುವುದೆಂದರೆ ಅವರಿಗೆ ಪ್ರೀತಿ. ‘ಕೃಷ್ಣವಿವರಗಳು’, ‘ಐನ್‌ಸ್ಟೈನ್ ಬಾಳಿದರಿಲ್ಲಿ’ ಅವರ ಹೆಸರಾಂತ ಕೃತಿಗಳು. ಹತ್ತು ಹನ್ನೆರಡರ ವಯಸ್ಸಿಗೆ ಮೊದಲನೆಯವರ ಗದ್ಯ ಹೆಚ್ಚು ಹೊಂದುತ್ತದೆ. ಎರಡನೆಯವರದು, ರಾತ್ರಿ ಮಾಳಿಗೆ ಹತ್ತಿ ನಕ್ಷತ್ರ ಗುರುತಿಸುವ ಗೀಳು ಹಿಡಿದ ಮೇಲೆ ಓದಬೇಕಾದದ್ದು.

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಣ್ಣ ಪುಸ್ತಿಕೆಗಳನ್ನೂ, ಅದಕ್ಕಿಂತ ತುಸು ಮೊದಲೇ ಆರಂಭವಾಗಿದ್ದ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನೂ ಹಳ್ಳಿಯ ಶಾಲೆಗಳವರೆಗೆ ಒಯ್ದಿತು. ಲಕ್ಷ್ಮಣರಾವ್, ಭೌತಶಾಸ್ತ್ರದ ಅಧ್ಯಾಪಕ ಅಡ್ಯನಡ್ಕ ಕೃಷ್ಣ ಭಟ್ ಮೊದಲಾದವರು ಈ ಪತ್ರಿಕೆಯ ಸಂಪಾದಕತ್ವ ವಹಿಸಿದ್ದರು. ಖಾಸಗಿ ಪ್ರಕಾಶಕರಲ್ಲಿ 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನ ವಿಜ್ಞಾನ ಸಾಹಿತ್ಯಕ್ಕೆ ಹೆಚ್ಚು ಗಮನ ಕೊಟ್ಟಿತು. ಸೋವಿಯತ್ ಒಕ್ಕೂಟದಲ್ಲಿ ಅಚ್ಚಾದ ಅಗ್ಗದ, ಗಟ್ಟಿ ರಟ್ಟಿನ ಮಕ್ಕಳ ಪುಸ್ತಕಗಳೂ ಅದರ ಮಳಿಗೆಗಳ ಮೂಲಕ ಕನ್ನಡ ಮಕ್ಕಳ ಕೈಸೇರಿದವು.

ಪರಿಭಾಷೆಯ ಪ್ರಶ್ನೆ

ಮಕ್ಕಳ ವಿಜ್ಞಾನ ಪುಸ್ತಕ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಪದಗಳ ವಿಷಯದಲ್ಲಿ. ಭೌತವಿಜ್ಞಾನದ ಕನ್ನಡ ಪದಗಳಲ್ಲಿ ಎರಡು ಬಗೆಯವು ತೊಂದರೆ ಕೊಡುತ್ತವೆ.

ಮೊದಲನೆಯದು, ಮಗುವಿಗೆ ಬೇರೆ ಅರ್ಥದಲ್ಲಿ ಈಗಾಗಲೇ ಗೊತ್ತಿರುವ ಪದಗಳು. ‘ಬಲ’ ಎಂದರೆ ಕಸುವು, ಎಡಕ್ಕೆ ಎದುರಾದ ದಿಕ್ಕೂ ಹೌದು. ‘ಶಕ್ತಿ’ ಎಂದರೆ ಊರ ದೇವತೆ. ‘ಕೆಲಸ’ ಎಂದರೆ ದಣಿಯುವಂತೆ ಮಾಡುವ ಯಾವುದೇ ದುಡಿಮೆ. ಆದರೆ ಭೌತಶಾಸ್ತ್ರದ ಪ್ರಕಾರ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಂದು ಗಂಟೆ ಅಲುಗಾಡದೆ ನಿಂತವನು ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡಿಲ್ಲ. ಇದನ್ನು ಕೇಳಿದ ಮಗು ನಗುತ್ತದೆ ಅಥವಾ ಸಿಟ್ಟಾಗುತ್ತದೆ. ಒಳ್ಳೆಯ ಪುಸ್ತಕ ಆ ಸಿಟ್ಟಿನಿಂದಲೇ ಅಧ್ಯಾಯವನ್ನು ಆರಂಭಿಸುತ್ತದೆ. ‘ಉಷ್ಣ’ ಇನ್ನೂ ಕಷ್ಟದ್ದು. ಮನೆಯಲ್ಲಿ ಪರಂಗಿ ಹಣ್ಣು ಉಷ್ಣ, ಎಳನೀರು ತಂಪು. ಹಣ್ಣು ಮುಟ್ಟಿದರೆ ಬೆಚ್ಚಗಿರುವುದಿಲ್ಲ. ಅದೇ ಪದವನ್ನು ಪುಸ್ತಕ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುವ ಶಕ್ತಿಗೆ ಬಳಸುತ್ತದೆ. ಶಾಖದ ಮೊತ್ತ ಬೇರೆ, ಕಾವಿನ ಮಟ್ಟ ಬೇರೆ ಎಂಬುದನ್ನು ತೋರಿಸಲು ಕೆಲವು ಲೇಖಕರು ಎರಡನೆಯದಕ್ಕೆ ‘ಉಷ್ಣತೆ’ ಎಂದರೆ, ಇನ್ನು ಕೆಲವರು ‘ತಾಪ’ ಎನ್ನುತ್ತಾರೆ. ಎರಡು ಪುಸ್ತಕ ಓದಿದ ಮಗುವಿಗೆ ಇವು ಎರಡು ಬೇರೆ ಬೇರೆ ಸಂಗತಿಗಳೆಂದು ತೋರುವ ಅಪಾಯವಿದೆ.

ಎರಡನೆಯದು, ಯಾವ ಮಗುವೂ ಮೊದಲು ಕೇಳಿರದ ಸಂಯುಕ್ತ ಪದಗಳು: ದ್ರವ್ಯರಾಶಿ, ವೇಗೋತ್ಕರ್ಷ, ವಕ್ರೀಭವನ. ಇವುಗಳಲ್ಲಿ ಗೊಂದಲವಿಲ್ಲ, ಆದರೆ ಹಿಡಿತಕ್ಕೆ ಕೊಂಡಿಯೂ ಇಲ್ಲ. ಬಕೆಟ್ಟಿನ ನೀರಿನಲ್ಲಿ ಅರ್ಧ ಮುಳುಗಿಸಿದ ಕೋಲು ಮುರಿದಂತೆ ಕಾಣುವುದನ್ನು ತೋರಿಸಿ ಆಮೇಲೆ ‘ವಕ್ರೀಭವನ’ ಎಂದರೆ ಪದ ನೆಲೆ ನಿಲ್ಲುತ್ತದೆ. ಮೊದಲು ಪದ, ನಂತರ ಕೋಲು ಎಂದರೆ ಎರಡೂ ಮರೆತುಹೋಗುತ್ತವೆ.

ಪದದೊಳಗೆ ಹಳೆಯ ತಪ್ಪೊಂದು ಅಡಗಿರುವುದೂ ಉಂಟು. ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ 18ನೆಯ ಶತಮಾನದಲ್ಲಿ ಎಲ್ಲ ಆಮ್ಲಗಳಲ್ಲೂ ಈ ಅನಿಲವಿದೆ ಎಂದು ನಂಬಿ ಗ್ರೀಕ್ ಮೂಲದಿಂದ ‘ಆಕ್ಸಿಜನ್’ ಎಂದು ಹೆಸರಿಟ್ಟ. ಕನ್ನಡದ ಪದ ಅದರ ಅನುವಾದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂಬುದನ್ನು ಇಂಗ್ಲೆಂಡಿನ ಹಂಫ್ರಿ ಡೇವಿ 1810ರ ಹೊತ್ತಿಗೆ ತೋರಿಸಿದ. ಆಮ್ಲಗಳ ಗುಣಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಹೈಡ್ರೋಜನ್, ಅಂದರೆ ‘ಜಲಜನಕ’. ನೀರನ್ನು ಹುಟ್ಟಿಸುವುದು ಎಂಬ ಆ ಹೆಸರು ಮಾತ್ರ ಸರಿಯಾಗಿಯೇ ಇದೆ. ಈಚಿನ ಪುಸ್ತಕಗಳು ಆಕ್ಸಿಜನ್, ಹೈಡ್ರೋಜನ್ ಎಂದೇ ಬರೆಯುವುದರಿಂದ ಈ ಸ್ವಾರಸ್ಯ ಮರೆಯಾಗುತ್ತಿದೆ. ವಿಜ್ಞಾನಿಗಳೂ ತಪ್ಪುತ್ತಾರೆ, ತಪ್ಪು ತಿದ್ದಿದ ಮೇಲೂ ಹೆಸರು ಉಳಿಯುತ್ತದೆ ಎಂಬುದನ್ನು ಒಂದೇ ಪದದಿಂದ ಹೇಳಬಹುದಾದ ಅವಕಾಶ ಅದು. ಹಳೆಯ ನೆನಪಿರುವ ಪದವೊಂದು ‘ಇಂಗಾಲ’: ಇಂಗಳ, ಅಂದರೆ ಕೆಂಡ.

ಸಾದಲಿ ಸುತ್ತಿನ ಹಳ್ಳಿಗಳಲ್ಲಿ ಈ ಸಮಸ್ಯೆ ಮೂರು ಭಾಷೆಗಳ ನಡುವಿನದು. ತೆಲುಗು ಮನೆಮಾತಿನ ಮಗು ಮನೆಯಲ್ಲಿ ‘ವೇಡಿ’ ಎನ್ನುತ್ತದೆ, ಶಾಲೆಯ ಅಂಗಳದಲ್ಲಿ ‘ಬಿಸಿ’ ಎನ್ನುತ್ತದೆ, ಪುಸ್ತಕದಲ್ಲಿ ‘ಶಾಖ’ ಎಂದು ಓದುತ್ತದೆ, ಹದಿನಾರನೆಯ ವಯಸ್ಸಿನಲ್ಲಿ ‘ಹೀಟ್’ ಎಂದು ಬರೆಯುತ್ತದೆ. ಪದಗಳು ನಾಲ್ಕಾದರೂ ಒಲೆ ಒಂದೇ ಎಂಬ ಅರಿವು ಈ ಮಗುವಿಗೆ ಬೇರೆಯವರಿಗಿಂತ ಬೇಗ ಬರಬಹುದು. ಸಂಸ್ಕೃತ ಮೂಲದ ಪಾರಿಭಾಷಿಕ ಪದಗಳಲ್ಲಿ ತೆಲುಗಿಗೂ ಕನ್ನಡಕ್ಕೂ ಹೋಲಿಕೆಯಿದೆ: ನಮ್ಮ ಆಮ್ಲಜನಕ ಅಲ್ಲಿ ‘ಆಮ್ಲಜನಿ’, ಜಲಜನಕ ‘ಉದಜನಿ’.

ಸ್ಥಳೀಯ ಉದಾಹರಣೆಗಳ ಬಳಕೆ

ಬೇರೆ ಭಾಷೆಗಳಿಂದ ಅನುವಾದವಾದ ಮಕ್ಕಳ ಪುಸ್ತಕಗಳಲ್ಲಿ ಮಂಜುಗಡ್ಡೆಯ ಮೇಲೆ ಜಾರುವ ಹುಡುಗ, ಉಗಿಬಂಡಿ, ಬೆಂಕಿಗೂಡಿನ ಚಿಮಣಿ ಮೊದಲಾದ ಉದಾಹರಣೆಗಳು ಬರುತ್ತವೆ. ಇವುಗಳಿಂದ ಕಲ್ಪನೆ ಹಿಗ್ಗುತ್ತದೆ, ನಿಜ. ಆದರೆ ಶಿಡ್ಲಘಟ್ಟ ತಾಲ್ಲೂಕಿನ ಮಗುವಿಗೆ ಭೌತವಿಜ್ಞಾನದ ಉದಾಹರಣೆಗಳು ಮನೆಯ ಒಳಗೇ ಇವೆ. ಈ ತಾಲ್ಲೂಕು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಗೆ ಹೆಸರಾದದ್ದು. ಹಿಪ್ಪುನೇರಳೆ ಬೆಳೆಯುವ, ಹುಳು ಸಾಕುವ ಮನೆಗಳು ಇಲ್ಲಿ ಸಾಮಾನ್ಯ.

ಹುಳು ಸಾಕುವ ಮನೆಯಲ್ಲಿ ಬೇಸಿಗೆಯಂದು ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುತ್ತಾರೆ. ಕಾವು ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮೀರಿದರೆ ಹುಳು ಸೊರಗುತ್ತದೆ, ಬೆಳೆ ಕೈಕೊಡುತ್ತದೆ. ಒದ್ದೆ ಬಟ್ಟೆಯಿಂದ ಗಾಳಿ ತಂಪಾಗುವುದೇಕೆ? ಒಂದು ಗ್ರಾಮ್ ನೀರಿನ ಕಾವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಜೂಲ್ ಶಕ್ತಿ ಸಾಕು. ಅದೇ ಒಂದು ಗ್ರಾಮ್ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು 2,400 ಜೂಲ್ ಬೇಕು. ಆ ಶಕ್ತಿಯನ್ನು ನೀರು ಸುತ್ತಲಿನ ಗಾಳಿಯಿಂದಲೂ ಗೋಣಿಯಿಂದಲೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇದೇ ಉಪಾಯ ನಡೆಯುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಮನೆಯ ಗೋಡೆಗೆ ತೂಗುಹಾಕಿದ, ಒಂದರ ಬುಡಕ್ಕೆ ಒದ್ದೆ ಬತ್ತಿ ಸುತ್ತಿರುವ ಜೋಡಿ ತಾಪಮಾಪಕ ಅಳೆಯುವುದೂ ಇದನ್ನೇ: ಎರಡರ ನಡುವೆ ವ್ಯತ್ಯಾಸ ಹೆಚ್ಚಿದಷ್ಟೂ ಗಾಳಿ ಒಣಗಿದೆ ಎಂದರ್ಥ.

ನೂಲು ಬಿಚ್ಚುವಲ್ಲಿ ರಸಾಯನಶಾಸ್ತ್ರವಿದೆ. ರೇಷ್ಮೆಯೆಳೆಯ ತಿರುಳು ಫೈಬ್ರೋಯಿನ್ ಎಂಬ ಪ್ರೋಟೀನು; ಅದರ ಮೇಲಿನ ಅಂಟು ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು. ಬಿಸಿನೀರು ಅಂಟನ್ನು ಮೆದುಮಾಡುತ್ತದೆ, ತಿರುಳನ್ನು ಕರಗಿಸುವುದಿಲ್ಲ. ಹಾಗಾಗಿಯೇ ಒಂದು ಗೂಡಿನಿಂದ ನೂರಾರು ಮೀಟರ್ ಉದ್ದದ ಎಳೆಯನ್ನು ಕಡಿಯದೆ ಎಳೆಯಲು ಸಾಧ್ಯವಾಗುತ್ತದೆ. ಗೂಡು ಬೇಯಿಸುವ ನೀರು ಕುದಿಯುವುದು ಎಷ್ಟು ಡಿಗ್ರಿಗೆ? ಪುಸ್ತಕದಲ್ಲಿ 100 ಎಂದಿರುತ್ತದೆ. ಆದರೆ ಅದು ಸಮುದ್ರಮಟ್ಟದ ಲೆಕ್ಕ. ಸುಮಾರು 900 ಮೀಟರ್ ಎತ್ತರದ ಶಿಡ್ಲಘಟ್ಟದ ಬಯಲಿನಲ್ಲಿ ನೀರು ಹೆಚ್ಚುಕಡಿಮೆ 97 ಡಿಗ್ರಿಗೆ ಕುದಿಯುತ್ತದೆ; 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ ಸುಮಾರು 95 ಡಿಗ್ರಿಗೆ. ಶಾಲೆಯಲ್ಲಿ ತಾಪಮಾಪಕ ಹಿಡಿದು 97 ಎಂದು ಓದಿದ ಮಗುವಿಗೆ, ನಿನ್ನ ಅಳತೆ ತಪ್ಪು, ಪುಸ್ತಕ ನೋಡಿ 100 ಎಂದು ಬರೆ ಎನ್ನುವುದು ಎಲ್ಲೆಡೆ ನಡೆಯುವ ಅನ್ಯಾಯ. ಅಳತೆ ಸರಿಯಾಗಿಯೇ ಇತ್ತು.

ಕೊಳವೆಬಾವಿ ಮೂರನೆಯ ಉದಾಹರಣೆ. ಈ ಜಿಲ್ಲೆಯಲ್ಲಿ ಅಂತರ್ಜಲ ಕುಸಿದು, ಅನೇಕ ಕಡೆ ಸಾವಿರ ಅಡಿಗೂ ಮೀರಿ ಕೊರೆಯಬೇಕಾಗಿದೆ. ಮೋಟಾರನ್ನು ಮೇಲೆ ನೆಲದ ಮೇಲಿಡದೆ ಅಷ್ಟು ಆಳಕ್ಕೆ ಇಳಿಬಿಡುವುದೇಕೆ ಎಂದು ಮಗು ಕೇಳಿದರೆ ಉತ್ತರ ವಾಯುಮಂಡಲದಲ್ಲಿದೆ. ನಾವು ನೀರನ್ನು ಹೀರುತ್ತೇವೆ ಎಂದುಕೊಳ್ಳುವಾಗ ವಾಸ್ತವವಾಗಿ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಆ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 10.3 ಮೀಟರ್ ನೀರಿನ ಕಂಬವನ್ನು ಮಾತ್ರ ಹೊರಬಲ್ಲದು. ಶಿಡ್ಲಘಟ್ಟದ ಎತ್ತರದಲ್ಲಿ ಅದೂ 9.3 ಮೀಟರಿಗೆ ಇಳಿಯುತ್ತದೆ. ಅದಕ್ಕಿಂತ ಆಳದ ನೀರನ್ನು ಮೇಲಿನಿಂದ ಹೀರಲು ಯಾವ ಯಂತ್ರಕ್ಕೂ ಆಗದು, ಕೆಳಗಿನಿಂದ ತಳ್ಳಬೇಕು. ಗೆಲಿಲಿಯೊ ಕಾಲದ ಇಟಲಿಯ ಬಾವಿಗಳಲ್ಲಿ ಪಂಪುಗಳು ಇದೇ ಆಳಕ್ಕೆ ಸೋಲುತ್ತಿದ್ದುದನ್ನು ಕಂಡು ಹುಟ್ಟಿದ ಪ್ರಶ್ನೆಯೇ 1640ರ ದಶಕದಲ್ಲಿ ಟೊರಿಸೆಲ್ಲಿಯ ಪಾದರಸದ ವಾಯುಭಾರಮಾಪಕಕ್ಕೆ ದಾರಿಮಾಡಿತು.

ಹೀಗೆ ಪಾಠದ ಸಾಮಗ್ರಿ ಊರಲ್ಲೇ ಇದ್ದರೂ ಅದನ್ನು ಹೇಳುವ ಪುಸ್ತಕ ವಿರಳ. ಬಹುಪಾಲು ಪ್ರಯೋಗ ಪುಸ್ತಕಗಳು ಬೀಕರು, ಬನ್ಸನ್ ದೀಪಗಳನ್ನು ಕೇಳುತ್ತವೆ. ಅರವಿಂದ ಗುಪ್ತಾ ಅವರ ಕೃತಿಗಳು ಇದಕ್ಕೆ ಅಪವಾದ; ಬೆಂಕಿಕಡ್ಡಿ, ಸೈಕಲ್ಲಿನ ರಬ್ಬರು ಕೊಳವೆ, ಹಳೆಯ ಪತ್ರಿಕೆಗಳಲ್ಲೇ ಅವರು ಪ್ರಯೋಗಗಳನ್ನು ಹೊಂದಿಸುತ್ತಾರೆ.

ಗೌರಿಬಿದನೂರು ಮತ್ತು ಎಚ್. ನರಸಿಂಹಯ್ಯ

ಸಾದಲಿಯ ಜಿಲ್ಲೆಯೇ ಆದ ಚಿಕ್ಕಬಳ್ಳಾಪುರದ ಗೌರಿಬಿದನೂರು ತಾಲ್ಲೂಕು ಭೌತವಿಜ್ಞಾನದ ನಕ್ಷೆಯಲ್ಲಿ ಎರಡು ಕಾರಣಗಳಿಂದ ಹೆಸರಾಗಿದೆ. 1965ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರ ಇಲ್ಲಿ ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿತು. ದೂರ ದೇಶಗಳ ನೆಲದಡಿಯ ಅಣುಸ್ಫೋಟದ ಕಂಪನವನ್ನೂ ಅದು ಗ್ರಹಿಸಬಲ್ಲುದು. 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನ ಸಂಸ್ಥೆ ಜಂಟಿಯಾಗಿ ರೇಡಿಯೋ ದೂರದರ್ಶಕವನ್ನು ಸಿದ್ಧಪಡಿಸಿದವು. ‘ಟಿ’ ಅಕ್ಷರದ ಆಕಾರದಲ್ಲಿ ಹರಡಿದ 1,000 ಆಂಟೆನಾಗಳು, ಪೂರ್ವ-ಪಶ್ಚಿಮ ಬಾಹು 1.4 ಕಿಲೋಮೀಟರ್, ಗ್ರಹಿಸುವ ಅಲೆಗಳ ಆವರ್ತನ 34.5 ಮೆಗಾಹರ್ಟ್ಸ್, ಅಂದರೆ ಅಲೆಯುದ್ದ ಸುಮಾರು 8.7 ಮೀಟರ್. ಕಣ್ಣಿಟ್ಟು ನೋಡುವ ಕೊಳವೆಯೇ ದೂರದರ್ಶಕ ಎಂದು ಚಿತ್ರದಿಂದ ಕಲಿತ ಮಗುವಿಗೆ ಹೊಲದ ನಡುವಿನ ಕಂಬ ಮತ್ತು ತಂತಿಗಳ ಈ ಸಾಲನ್ನೂ ದೂರದರ್ಶಕವೆನ್ನುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಬೆಳಕು ಮತ್ತು ರೇಡಿಯೋ ಅಲೆ ಒಂದೇ ಕುಲದವು ಎಂಬಲ್ಲಿಗೆ ಹೋಗಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ 1935ರಲ್ಲಿ ಓದು ಮುಂದುವರಿಸಲು ಬಸ್ಸಿನ ದುಡ್ಡಿಲ್ಲದೆ ಎರಡು ದಿನ ನಡೆದು ಬೆಂಗಳೂರು ಸೇರಿದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಬರಲು ಅವರೇ ಕಾರಣ. ಆತ್ಮಕಥೆ ‘ಹೋರಾಟದ ಹಾದಿ’ಯನ್ನು ವಿಜ್ಞಾನದ ಪುಸ್ತಕವೆನ್ನಲಾಗದು. ಆದರೆ ಪ್ರಶ್ನೆ ಕೇಳದೆ ಒಪ್ಪಬಾರದೆಂಬ ಅವರ ನಿಲುವು ಪ್ರೌಢಶಾಲೆಯ ಓದುಗರಿಗೆ ವಿಜ್ಞಾನದ ಮನೋಧರ್ಮವನ್ನು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಪರಿಚಯಿಸುತ್ತದೆ.

ವಿಜ್ಞಾನಿಗಳ ಜೀವನಚರಿತ್ರೆಗಳು

ಕನ್ನಡದ ಮಕ್ಕಳ ವಿಜ್ಞಾನ ಸಾಹಿತ್ಯದಲ್ಲಿ ಸಂಖ್ಯೆಯ ದೃಷ್ಟಿಯಿಂದ ಜೀವನಚರಿತ್ರೆಗಳದೇ ಮೇಲುಗೈ. ರಾಷ್ಟ್ರೋತ್ಥಾನ ಸಾಹಿತ್ಯ ಪ್ರಕಟಿಸಿದ, ಎಲ್. ಎಸ್. ಶೇಷಗಿರಿರಾವ್ ಸಂಪಾದಕತ್ವದ ‘ಭಾರತ-ಭಾರತಿ ಪುಸ್ತಕ ಸಂಪದ’ದ 510 ಕಿರುಪುಸ್ತಕಗಳಲ್ಲಿ ವಿಜ್ಞಾನಿಗಳದೂ ಸೇರಿವೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವನ್ನಂತೂ ಮಕ್ಕಳಿಗಾಗಿ ಹಲವರು ಬರೆದಿದ್ದಾರೆ. ಈ ಪ್ರಕಾರದ ಸಾಮಾನ್ಯ ಕೊರತೆ ಒಂದಿದೆ: ನಾಯಕನ ಬಡತನ, ಶಿಸ್ತು, ಸಮಯಪಾಲನೆ, ಪ್ರಶಸ್ತಿಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ, ಆತ ಮಾಡಿದ ಕೆಲಸವೇನು ಎಂಬುದು ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. ರಾಮನ್ ನೊಬೆಲ್ ಪಡೆದರೆಂಬುದು ಎಲ್ಲ ಮಕ್ಕಳಿಗೂ ಗೊತ್ತು. ಚದುರಿದ ಬೆಳಕಿನ ಅಲ್ಪಭಾಗ ಬಣ್ಣ ಬದಲಿಸಿಕೊಳ್ಳುತ್ತದೆ ಎಂಬುದು ಕೆಲವರಿಗೇ ಗೊತ್ತು.

ವಯಸ್ಸಿಗೆ ತಕ್ಕ ಆಯ್ಕೆ

ಆರರಿಂದ ಒಂಬತ್ತು ವರ್ಷದವರಿಗೆ ಚಿತ್ರಪುಸ್ತಕ, ಅದೂ ಯಾರಾದರೂ ಜೊತೆಗೆ ಕುಳಿತು ಓದುವಂಥದ್ದು, ಸಾಕು. ತೇಲುವುದು, ಮುಳುಗುವುದು, ನೆರಳು, ಅಯಸ್ಕಾಂತ ಇಲ್ಲಿನ ವಸ್ತು. ಹದಿಮೂರರ ನಂತರ ವಿಶ್ವಕೋಶದ ಸಂಪುಟಗಳೂ ಖಗೋಳ ಕೃತಿಗಳೂ ತೆರೆದುಕೊಳ್ಳುತ್ತವೆ. ಕನ್ನಡದಲ್ಲಿ ನಿಜವಾದ ಬಡತನವಿರುವುದು ಇವೆರಡರ ನಡುವಿನ ಹತ್ತರಿಂದ ಹದಿಮೂರರ ವಯೋಮಾನಕ್ಕೆ. ‘ಏಕೆ’ ಎಂದು ಅತಿ ಹೆಚ್ಚು ಕೇಳುವ ವಯಸ್ಸು ಅದೇ. ಈ ಅಂತರವನ್ನು ಪುಸ್ತಕಗಳಿಗಿಂತ ‘ಬಾಲವಿಜ್ಞಾನ’ದಂಥ ಪತ್ರಿಕೆಗಳು ತುಂಬಿವೆ.

ಲಭ್ಯತೆ

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ಗ್ರಾಮ ಪಂಚಾಯಿತಿಗಳವರೆಗೆ ಹರಡಿತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡಲಾಗುತ್ತಿದೆ. ಹಳೆಯ ಉತ್ತಮ ಕೃತಿಗಳಲ್ಲಿ ಕೆಲವು ಮರುಮುದ್ರಣವಾಗದೆ ಅಂಗಡಿಗಳಲ್ಲಿ ಸಿಗುವುದಿಲ್ಲ. ಅವನ್ನು ಹುಡುಕಲು ನಗರದ ಹಳೆಯ ಪುಸ್ತಕದಂಗಡಿಗಳೇ ಗತಿ. ಮೈಸೂರು ವಿಶ್ವವಿದ್ಯಾನಿಲಯ ‘ಕನ್ನಡ ವಿಶ್ವಕೋಶ’ದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ವಿಜ್ಞಾನದ ಚಿತ್ರಕಥೆಗಳೂ ಉಚಿತವಾಗಿ ದೊರೆಯುತ್ತವೆ. ಅವುಗಳಲ್ಲಿ ಹಲವು ಕನ್ನಡದಲ್ಲೂ ತೆಲುಗಿನಲ್ಲೂ ಇರುವುದರಿಂದ, ಸಾದಲಿಯಂಥ ಊರಿನ ಮಗು ಕನ್ನಡ ಪಾಠವನ್ನು ತಾನು ಓದಿಕೊಂಡು, ಅದೇ ಪುಟದ ತೆಲುಗು ಪಾಠವನ್ನು ಮನೆಯಲ್ಲಿ ಅಜ್ಜಿಗೆ ತೋರಿಸಬಹುದು.